ಮರೆಯುವ ನೆಲ, ಮರೆಯದ ನೆಲ

ಪರರಿಗೆ ನೋವನ್ನುಂಟುಮಾಡದ ವಿನೋದವು ನಿರ್ದೋಷವಾದುದೆಂಬುದು ಲೋಕಸಮ್ಮತವಾದ ಮಾತು. ಆದರೆ ನೋವು ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆನ್ನಬಹುದೆ? ಆಫ್ರಿಕಾ ಖಂಡದ ನೈಋತ್ಯ ತೀರದ ನಮೀಬ್ ಮರುಭೂಮಿಯಲ್ಲಿ ಪ್ರವಾಸಿಗಳು ಆಡುವ ಒಂದು ಆಟವು ಈ ಪ್ರಶ್ನೆಗೆ ಎಡೆಗೊಡುತ್ತದೆ.

ನಮೀಬಿಯ ದೇಶದ ಸ್ವಾಕೊಪ್ಮುಂಡ್ ಪಟ್ಟಣದ ಬಳಿಯ ಮರಳುದಿಬ್ಬಗಳ ಮೇಲೆ ಅವರು ಸ್ಕೀಯಿಂಗ್ ಎಂಬ ಜಾರಾಟವನ್ನು ಆಡಿನೋಡುತ್ತಾರೆ. ಹಿಮದ ನಾಡಿನಲ್ಲಿ ಹುಟ್ಟಿದ ಈ ಆಟಕ್ಕೆ ಮರಳು ಸುಲಭವಾಗಿ ಒಗ್ಗುವುದಿಲ್ಲ. ಹಿಮದ ಮೇಲಾದರೆ ಘರ್ಷಣೆಯ ಕಾವಿನಿಂದ ತೆಳುವಾದ ನೀರಿನ ಪದರವುಂಟಾಗಿ ಹಲಗೆಯು ಸಲೀಸಾಗಿ ಜಾರುವುದು. ಮರಳು ಕರಗುವ ವಸ್ತುವಲ್ಲ. ಇಳಿಜಾರು ಸುಮಾರು 34 ಡಿಗ್ರಿಯನ್ನು ಮೀರಿತೆಂದರೆ ಒಣಮರಳು ನಿಲ್ಲದೆ ತಾನೇ ಕುಸಿಯುವುದು. ಇಷ್ಟಾದರೂ 2010ರಲ್ಲಿ ಆ ದೇಶದಲ್ಲಿ ಒಬ್ಬನು ಗಂಟೆಗೆ 92.12 ಕಿಲೋಮೀಟರು ವೇಗದಿಂದ ಜಾರಿ ದಾಖಲೆಯನ್ನು ಸ್ಥಾಪಿಸಿದನು.

ಜಾರಿ ಇಳಿದವನು ಹಿಂದಿರುಗಿ ನೋಡಿದರೆ ದಿಬ್ಬದ ಮೇಲೆ ಎರಡು ಗೆರೆಗಳು ಕಾಣುವುವು. ಗಾಳಿ ಬೀಸಿತೆಂದರೆ ಅವೂ ಇಲ್ಲ. ತಾನು ಏನನ್ನೂ ಕೆಡಿಸಲಿಲ್ಲವೆಂದು ಅವನಿಗೆ ತೋರುವುದು ಸಹಜ. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ಆದರೆ ಅವನು ದಿಬ್ಬಕ್ಕೆ ಆಕಾಶದಿಂದ ಇಳಿದುಬಂದವನಲ್ಲ. ದಿಬ್ಬಗಳಾಚೆಗೆ ನೊರಜುಗಲ್ಲಿನ ಬಯಲುಗಳಿವೆ. ಅಲ್ಲಿ ಕಡಲಿನಿಂದ ಬರುವ ಮಂಜಿನ ತೇವವೊಂದನ್ನೇ ನೆಮ್ಮಿ ಕಲ್ಲುಹೂವುಗಳು ಬಹು ನಿಧಾನವಾಗಿ ಬೆಳೆಯುತ್ತವೆ. ದಾರಿಬಿಟ್ಟು ಹರಿದ ಗಾಡಿಯ ಗಾಲಿಯ ಗುರುತು ಆ ಬಯಲಿನಲ್ಲಿ ಹತ್ತಾರು ವರ್ಷ ಮಾಸದೆ ಉಳಿಯುತ್ತದೆ. ದಿಬ್ಬವಾದರೂ ಬರಿದಲ್ಲ: ಅದರ ನೆತ್ತಿಯಲ್ಲಿ ಒಂದು ಬಗೆಯ ಜೀರುಂಡೆಯು ಮುಂಜಾನೆ ತಲೆ ತಗ್ಗಿಸಿ ನಿಂತು, ಬೆನ್ನ ಮೇಲೆ ಹನಿಗಟ್ಟಿದ ಮಂಜನ್ನು ಬಾಯಿಗಿಳಿಸಿಕೊಂಡು ಜೀವಿಸುತ್ತದೆ.

ಹಾಗಾದರೆ ಪ್ರವಾಸವೇ ಪಾಪವೊ? ಅಲ್ಲ. ಹೊರಗಿನವರ ಬರವಿನಿಂದ ಸ್ಥಳೀಯರಿಗೆ ಜೀವನೋಪಾಯವುಂಟು. ನೋಡದ ನೆಲದ ಮೇಲೆ ಮಮತೆ ಹುಟ್ಟುವುದೂ ಕಷ್ಟ. ಬೇಕಾದುದು ವಿನೋದದ ತ್ಯಾಗವಲ್ಲ, ಅದರ ಪೂರ್ಣವಾದ ಲೆಕ್ಕ. ಊಟದ ರುಚಿಯನ್ನು ಮಾತ್ರ ನೆನೆದು, ಉರಿದ ಸೌದೆಯನ್ನು ಮರೆಯುವ ಅತಿಥಿಯು ಅರ್ಧ ಲೆಕ್ಕದವನು. ಆ ಕರಾವಳಿಯನ್ನು 2010ರಲ್ಲಿ ದೊರೊಬ್ ರಾಷ್ಟ್ರೀಯೋದ್ಯಾನವೆಂದು ಸಾರಲಾಯಿತು. ಆದರೆ ಶಾಸನವು ಪ್ರತಿಯೊಂದು ಗಾಲಿಯ ಹಿಂದೆಯೂ ಓಡಲಾರದು. ಕಾವಲಿಲ್ಲದ ಬಯಲಿನಲ್ಲಿ ಗಾಡಿಯನ್ನು ದಾರಿಯಲ್ಲೇ ನಡೆಸುವುದು ಮನಸ್ಸಾಕ್ಷಿಯ ಕೆಲಸ.

ಮರಳು ಮರೆಯುತ್ತದೆ, ಬಯಲು ಮರೆಯುವುದಿಲ್ಲ. ಮರೆಯುವ ನೆಲದ ಮೇಲೆ ಆಡಿ, ಮರೆಯದ ನೆಲವನ್ನು ಕಾಯ್ದು ನಡೆದವನ ವಿನೋದವನ್ನು ಮಾತ್ರವೇ ನಿರ್ದೋಷವೆನ್ನಬಹುದು.