ಚರ್ಮಕ್ಕೆ ನೆರಳೋ, ಬಣ್ಣಕ್ಕೆ ಕಾವಲೋ?

ಏಪ್ರಿಲ್ ಬಂತೆಂದರೆ ದೆಹಲಿಯಲ್ಲಿ ಕನ್ನಡಿ ಮುಂದಿನ ಡಬ್ಬಿಗಳು ಬದಲಾಗುತ್ತವೆ. ಚಳಿಗಾಲದ ದಪ್ಪ ಕ್ರೀಮು ಕಪಾಟು ಸೇರುತ್ತದೆ, ಹಗುರವಾದ ಜೆಲ್ ಹೊರಗೆ ಬರುತ್ತದೆ. ಚೆನ್ನೈಯಲ್ಲಿದ್ದಾಗ ಬೇಸಿಗೆಗೆ ಅದೂ ಬೇಕೆನಿಸುತ್ತಿರಲಿಲ್ಲ, ಬೆವರೇ ಸಾಕಾಗಿತ್ತು. ಇಲ್ಲಿಯ ‘ಲೂ’ ಗಾಳಿಗೆ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಮುಖ ಬಿರಿಯುತ್ತದೆ. ಊರಿಗೆ ತಕ್ಕಂತೆ ಹೊಂದಿಸಿಕೊಂಡರೆ ಇಷ್ಟರಲ್ಲಿ ಗೊಂದಲವೇನೂ ಇಲ್ಲ. ಗೊಂದಲ ಇರುವುದು ಕೊನೆಯ ಟ್ಯೂಬಿನಲ್ಲಿ, ಸನ್‌ಸ್ಕ್ರೀನಿನಲ್ಲಿ. ಅದನ್ನು ಹಚ್ಚುವಾಗ ನಾನು ಕಾಯುತ್ತಿರುವುದು ಚರ್ಮವನ್ನೋ, ಬಣ್ಣವನ್ನೋ?

ಕಲಬುರಗಿಯಿಂದ ಅವ್ವ ಫೋನಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ: “ಬಿಸಲಾಗ ಅಡ್ಡಾಡಬ್ಯಾಡ. ಬಿಸಲು ಬಡೀತದ, ಮತ್ತ ಕರ್ರಗ ಆಗ್ತಿ.” ಮೊದಲನೆಯದು ಜೀವದ ಚಿಂತೆ. ಎರಡನೆಯದು ಯಾರ ಚಿಂತೆ?

ಆಫೀಸಿನ ಗೆಳತಿಯೊಬ್ಬಳ ವಾದ ಬೇರೆ. ಹಚ್ಚುವ ಕ್ರೀಮು ಒಂದೇ, ಸಿಗುವ ರಕ್ಷಣೆ ಒಂದೇ, ಮನಸ್ಸಿನಲ್ಲಿ ಏನಿದ್ದರೇನು ಎನ್ನುತ್ತಾಳೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಎಸ್‌ಪಿಎಫ್ 30 ಇರುವ ಕ್ರೀಮನ್ನು ಸರಿಯಾದ ಅಳತೆಯಲ್ಲಿ ಹಚ್ಚಿದರೆ ಅದು ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97 ಪಾಲನ್ನು ತಡೆಯುತ್ತದೆ, 50 ಇದ್ದರೆ ಸುಮಾರು 98 ಪಾಲನ್ನು. ಹಚ್ಚಿಕೊಂಡವರ ಉದ್ದೇಶವನ್ನು ಕಿರಣ ಕೇಳುವುದಿಲ್ಲ.

ಆದರೆ ಉದ್ದೇಶ ಮನಸ್ಸಿನಲ್ಲೇ ಕೂತಿರುವುದಿಲ್ಲ, ಕೈಗೆ ಇಳಿಯುತ್ತದೆ. ಚರ್ಮದ ಕಾಳಜಿ ಇದ್ದವರು ಕಿವಿ, ಕತ್ತಿನ ಹಿಂಭಾಗವನ್ನು ಮರೆಯುವುದಿಲ್ಲ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುತ್ತಾರೆ. ಬಣ್ಣದ ಭಯ ಇದ್ದವರು ಫೋಟೋದಲ್ಲಿ ಕಾಣುವಷ್ಟು ಜಾಗಕ್ಕೆ ಮಾತ್ರ ಹಚ್ಚುತ್ತಾರೆ. ಅಷ್ಟಕ್ಕೇ ನಿಲ್ಲದೆ, ಬೆಳ್ಳಗೆ ಮಾಡುತ್ತೇವೆಂದು ಹೇಳಿಕೊಳ್ಳುವ ಯಾವುದಾದರೂ ಡಬ್ಬಿಯ ಕಡೆಗೂ ಕೈ ಚಾಚುತ್ತಾರೆ. ಮೊದಲನೆಯವರಿಗೆ ‘ಇಷ್ಟು ಸಾಕು’ ಎಂಬ ಒಂದು ಹಂತ ಇದೆ. ಎರಡನೆಯವರಿಗೆ ಇಲ್ಲ, ಯಾಕೆಂದರೆ ಹೋಲಿಸಿಕೊಳ್ಳಲು ಇನ್ನೂ ಬೆಳ್ಳಗಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

1975ರಲ್ಲಿ ಎರಡು ಸಂಗತಿಗಳು ನಡೆದವು. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್, ಬಿಸಿಲಿಗೆ ಚರ್ಮ ಎಷ್ಟು ಸುಡುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದರ ಮೇಲೆ ಚರ್ಮವನ್ನು ವಿಂಗಡಿಸಿದರು. ಮೊದಲು ಅದರಲ್ಲಿ ಬಿಳಿಯರ ಚರ್ಮವಷ್ಟೇ ಇತ್ತು, ನಮ್ಮಂಥ ಕಂದು ಮತ್ತು ಕಪ್ಪು ಚರ್ಮಗಳು ಆಮೇಲೆ ಸೇರಿದವು. ಅದೇ ವರ್ಷ ಭಾರತದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಒಂದು ಚರ್ಮ ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿತು, ಇನ್ನೊಂದು ಅದು ಹೇಗೆ ಕಾಣಬೇಕು ಎಂದು ಹೇಳಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ನಮ್ಮ ಮಾತಿನಿಂದ ‘ಕರ್ರಗ ಆಗ್ತಿ’ ಇನ್ನೂ ಹೋಗಿಲ್ಲ.

ಕಪ್ಪಾಗುವುದು ಎಂದರೇನು? ಬಿಸಿಲಿನ ಕಿರಣ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಚರ್ಮ ಹೆಚ್ಚು ಮೆಲನಿನ್ ತಯಾರಿಸುತ್ತದೆ. ಅದು ಕೋಶದ ನ್ಯೂಕ್ಲಿಯಸ್ಸಿನ ಮೇಲೆ ಕೊಡೆ ಹಿಡಿದಂತೆ ಕೂರುತ್ತದೆ. ಪೆಟ್ಟು ಬಿದ್ದದ್ದು ನಿಜ, ಆದ್ದರಿಂದ ಎಚ್ಚರ ಬೇಕು. ಆದರೆ ನಾವು ಅಸಹ್ಯಪಡುವುದು ಪೆಟ್ಟನ್ನಲ್ಲ, ಕೊಡೆಯನ್ನು.

ಈ ಅಸಹ್ಯಕ್ಕೆ ಇನ್ನೊಂದು ಬೇರೂ ಇದೆ. ನಮ್ಮಲ್ಲಿ ಬಿಸಿಲಿಗೆ ಕಪ್ಪಾದ ಮೈ ಎಂದರೆ ಹೊಲದಲ್ಲಿ, ರಸ್ತೆಯಲ್ಲಿ, ಕಟ್ಟಡದ ಮೇಲೆ ದುಡಿಯುವ ಮೈ. ‘ಟ್ಯಾನ್ ಆಗಿಬಿಟ್ಟೆ’ ಎಂಬ ಗೊಣಗಾಟದೊಳಗೆ ‘ಅವರ ಹಾಗೆ ಕಾಣಬಾರದು’ ಎಂಬ ಮಾತು ಅಡಗಿರುತ್ತದೆ. ಸನ್‌ಸ್ಕ್ರೀನನ್ನು ಮಧ್ಯಾಹ್ನ ಎರಡು ಗಂಟೆಗೆ ಬೈಕಿನ ಮೇಲೆ ತಂದು ಬಾಗಿಲಿಗೆ ಕೊಡುವ ಹುಡುಗನ ಮುಖದ ಬಣ್ಣಕ್ಕೆ ಹೆದರಿ ಅದೇ ಟ್ಯೂಬನ್ನು ಬಿಚ್ಚುತ್ತೇನೆಂದರೆ, ಅದು ಬರಿಯ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹಾಗೆಂದು ಹಚ್ಚುವುದನ್ನು ಬಿಟ್ಟರೆ ಆ ಹುಡುಗನಿಗೇನೂ ಲಾಭವಿಲ್ಲ, ನನ್ನ ಚರ್ಮಕ್ಕೆ ನಷ್ಟ. ಹೇಳಬೇಕಾದ ಅಳತೆಯಲ್ಲಿ, ಅಂದರೆ ಮುಖ ಕತ್ತಿಗೆ ಎರಡು ಬೆರಳುದ್ದದಷ್ಟು, ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಮಿನ ಟ್ಯೂಬು ಒಬ್ಬರಿಗೇ ತಿಂಗಳು ಬರುವುದಿಲ್ಲ. ದಿನವಿಡೀ ಬಿಸಿಲಲ್ಲಿರುವವರಿಗೆ ಬೇಕಾಗುವುದು ಇನ್ನೂ ಹೆಚ್ಚು, ಕೊಳ್ಳುವ ಶಕ್ತಿ ಇನ್ನೂ ಕಡಿಮೆ. ಅವರು ತಲೆಗೆ ಗಮ್ಛಾ ಸುತ್ತುತ್ತಾರೆ. ನಮ್ಮ ಕಡೆ ಗಂಡಸರು ಟವೆಲ್ಲು ಸುತ್ತುತ್ತಾರೆ, ಹೆಂಗಸರು ಸೆರಗು ಹೊದೆಯುತ್ತಾರೆ. ಬಟ್ಟೆ ಒಳ್ಳೆಯ ರಕ್ಷಣೆಯೇ. ಆದರೆ 45 ಡಿಗ್ರಿಯ ಕಾವನ್ನು ಬಟ್ಟೆಯಾಗಲಿ ಕ್ರೀಮಾಗಲಿ ತಡೆಯಲಾರದು. ಅದಕ್ಕೆ ಬೇಕಾದದ್ದು ನೆರಳು, ನೀರು, ಮತ್ತು ಎರಡು ಗಂಟೆಯ ಬಿಸಿಲಿನಲ್ಲಿ ಕೆಲಸ ನಿಲ್ಲಿಸುವ ಅವಕಾಶ.

ಇಲ್ಲಿ ನನಗೊಂದು ಅಳತೆಗೋಲು ಸಿಕ್ಕಿತು. ಬಣ್ಣದ ಕಾವಲನ್ನು ಹಂಚಲಾಗದು. ಎಲ್ಲರೂ ಬೆಳ್ಳಗಾದರೆ ಅದಕ್ಕೆ ಬೆಲೆಯೇ ಇರುವುದಿಲ್ಲ. ಚರ್ಮದ ಕಾಳಜಿಯನ್ನು ಹಂಚಬಹುದು; ಇನ್ನೊಬ್ಬರಿಗೆ ನೆರಳು ಸಿಕ್ಕರೆ ನನ್ನ ನೆರಳು ಕಡಿಮೆಯಾಗುವುದಿಲ್ಲ. ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆ ಇಟ್ಟವರಿಗೆ ಇದು ತಿಳಿದಿತ್ತು. ತಮ್ಮ ಬಾಯಾರಿಕೆಯಿಂದ ಅವರು ಬೇರೆಯವರ ಬಾಯಾರಿಕೆಯನ್ನು ಅರಿತರು.

ಹೀಗಾಗಿ ನನ್ನ ಬೇಸಿಗೆಯ ಪಟ್ಟಿಯಲ್ಲಿ ಈಗ ಜೆಲ್, ಸನ್‌ಸ್ಕ್ರೀನ್‌ಗಳ ಜೊತೆ ಇನ್ನೆರಡು ಸೇರಿವೆ. ತುರ್ತಿಲ್ಲದ್ದನ್ನು ಹನ್ನೆರಡರಿಂದ ನಾಲ್ಕರೊಳಗೆ ತರಿಸುವುದಿಲ್ಲ. ಗೇಟಿನ ಬಳಿ, ಬೇವಿನ ಮರದ ಕೆಳಗೆ ಒಂದು ಮಡಕೆ ನೀರು, ಎರಡು ಕುರ್ಚಿ. ಇದರಿಂದ ಲೋಕ ಬದಲಾಗದು, ಕೆಲವರ ಆ ಹೊತ್ತಿನ ಗಳಿಕೆ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಆದರೆ ನೆರಳಿನ ಬೆಲೆ ನನಗೆ ನಿಜವಾಗಿ ತಿಳಿದಿದ್ದರೆ ಅದು ನನ್ನ ಮುಖದ ಮೇಲಷ್ಟೇ ಕಾಣಬಾರದು.