ಮುಖವಿರುವ ಚಿತ್ರ, ಮುಖವಿಲ್ಲದ ಚಿತ್ರ

2019ರಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಲಿಂಕನ್ ಎಂಬ ಊರಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಮಗುವಿಗೆ ಎಣ್ಣೆನೀರು, ಮಗಳಿಗೆ ಮೆಣಸಿನ ಸಾರು; ಹಾಸನದಲ್ಲಿ ಮಾಡುವುದನ್ನೇ ಅಲ್ಲಿಯೂ ಮಾಡಿದ್ದು. ಮಗು ಮಲಗಿದ ಹೊತ್ತಿನಲ್ಲಿ ಕಿಟಕಿಯ ಬಳಿ ಕೂತರೆ ಎದುರುಮನೆಯ ಅಜ್ಜಿ ಕೈಬೀಸುತ್ತಿದ್ದರು. ವಯಸ್ಸು ಎಂಬತ್ತೈದು, ಒಂಟಿ. ಒಂದು ದಿನ ಚಹಾಕ್ಕೆ ಕರೆದರು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅವರ ಕಿವಿಯೂ ಅಷ್ಟಕ್ಕಷ್ಟೆ. ಹಾಗಾಗಿ ಮಾತಿಗಿಂತ ಹೆಚ್ಚಾಗಿ ಚಿತ್ರಗಳನ್ನು ನೋಡಿದೆವು.

ನಡುಮನೆಯ ಗೋಡೆಯಲ್ಲಿ ಒಂದು ಕಪ್ಪು-ಬಿಳುಪು ಚಿತ್ರವಿತ್ತು. ದೊಡ್ಡ ವಿಮಾನವೊಂದರ ಮೂತಿಯ ಕೆಳಗೆ ಏಳು ಹುಡುಗರು. ದಪ್ಪ ಬೂಟು, ಉಣ್ಣೆಯ ಕಾಲರಿನ ಅಂಗಿ. ಒಬ್ಬನ ಬೆರಳಲ್ಲಿ ಸಿಗರೇಟು, ಇನ್ನೊಬ್ಬನ ಕೈ ಪಕ್ಕದವನ ಹೆಗಲ ಮೇಲೆ. ನಮ್ಮ ಕಾಲೇಜು ಹುಡುಗರು ಪ್ರವಾಸ ಹೊರಡುವ ಮುನ್ನ ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. "ಇವರಲ್ಲಿ ನನ್ನ ಅಣ್ಣ ಯಾರು, ಹೇಳು ನೋಡೋಣ" ಎಂದರು ಅಜ್ಜಿ. ನಾನು ಚೆನ್ನಾಗಿ ನಗುತ್ತಿದ್ದವನನ್ನು ತೋರಿಸಿದೆ. ಅವನಲ್ಲ. ತುದಿಯಲ್ಲಿ ನಿಂತ, ಎಲ್ಲರಿಗಿಂತ ಚಿಕ್ಕವನು ಅವರ ಅಣ್ಣ. ವಿಮಾನದ ಬಾಲದಲ್ಲಿ ಎಲ್ಲರಿಗೂ ಬೆನ್ನು ಮಾಡಿ ಒಬ್ಬನೇ ಕೂರುವ ಗನ್ನರ್. 1944ರಲ್ಲಿ ಒಂದು ಸಂಜೆ ಹೋದವನು ಬರಲಿಲ್ಲ. ಇಪ್ಪತ್ತು ವರ್ಷ.

ನನ್ನ ಕರುಳು ಚುರ್ ಎಂದಿತು.

ಎರಡನೆಯ ಮಹಾಯುದ್ಧದಲ್ಲಿ ಲಿಂಕನ್ನಿನ ಸುತ್ತಲಿನ ಬಯಲಿನಲ್ಲೆಲ್ಲ ಬಾಂಬರ್ ವಿಮಾನಗಳ ನೆಲೆಗಳಿದ್ದವಂತೆ. ಲ್ಯಾಂಕಾಸ್ಟರ್ ಎಂಬ ವಿಮಾನಕ್ಕೆ ಏಳು ಜನ ಬೇಕು. ನಡೆಸುವವನು, ಇಂಜಿನ್ ನೋಡಿಕೊಳ್ಳುವವನು, ದಾರಿ ಲೆಕ್ಕ ಹಾಕುವವನು, ಬಾಂಬು ಬಿಡುವವನು, ವೈರ್‌ಲೆಸ್ಸಿನವನು, ಇಬ್ಬರು ಗನ್ನರುಗಳು. ಮೂವತ್ತು ದಾಳಿ ಮುಗಿಸಿದರೆ ಒಂದು ಸರದಿ ಮುಗಿದಂತೆ. ಅಷ್ಟರವರೆಗೆ ಉಳಿಯುವುದೇ ಕಷ್ಟ. ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ನೂರಕ್ಕೆ ನಲವತ್ತನಾಲ್ಕು. ಎಲ್ಲರೂ ತಾವಾಗಿಯೇ ಮುಂದೆ ಬಂದು ಸೇರಿದವರು. ಊರಿನ ಗುಡ್ಡದ ಮೇಲೆ 2018ರಲ್ಲಿ ಅವರಿಗಾಗಿ ಒಂದು ಕೇಂದ್ರ ತೆರೆದಿದ್ದಾರೆ. ಅಲ್ಲಿರುವ ಕಂಬದ ಎತ್ತರ 102 ಅಡಿ, ಲ್ಯಾಂಕಾಸ್ಟರಿನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಎಷ್ಟೋ ಅಷ್ಟೇ.

ಇಂಥ ಗುಂಪು ಚಿತ್ರಗಳು ಅಲ್ಲಿ ಬೇಕಾದಷ್ಟಿವೆ. ಕೆಲವದರಲ್ಲಿ ವಿಮಾನ ರಿಪೇರಿ ಮಾಡುವವರಿದ್ದಾರೆ. ಅಪರೂಪಕ್ಕೆ ಅಂಚಿನಲ್ಲಿ ಸಮವಸ್ತ್ರದ ಒಬ್ಬ ಹುಡುಗಿಯಿರುತ್ತಾಳೆ. ಹುಡುಗರನ್ನು ವಿಮಾನದವರೆಗೆ ಲಾರಿಯಲ್ಲಿ ಬಿಟ್ಟು ಬರುವುದು, ಪ್ಯಾರಾಶೂಟು ಮಡಿಸುವುದು, ಬೆಳಗಿನ ಜಾವ ಯಾವ ಯಾವ ವಿಮಾನ ಬಂತೆಂದು ಹಲಗೆಯ ಮೇಲೆ ಬರೆಯುವುದು, ಇವನ್ನೆಲ್ಲ ಮಾಡುತ್ತಿದ್ದವರು ಇಂಥ ಹೆಣ್ಣುಮಕ್ಕಳು. ಖಾಲಿ ಉಳಿದ ಸಾಲುಗಳನ್ನು ಮೊದಲು ನೋಡುತ್ತಿದ್ದವರೂ ಅವರೇ.

ಅಜ್ಜಿ ಎದ್ದು ಡ್ರಾಯರಿನಿಂದ ಇನ್ನೊಂದು ಚಿತ್ರ ತಂದರು. ನನಗೆ ಏನೂ ಅರ್ಥವಾಗಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೀರುಗಳು, ಹೊಗೆಯಂಥ ಕಲೆಗಳು. ರಂಗೋಲಿಯನ್ನು ಕಾಲಲ್ಲಿ ಕೆಡಿಸಿದ ಹಾಗಿತ್ತು. "ಇದೂ ಅವನ ವಿಮಾನದ್ದೇ" ಎಂದರು. "ಅಮ್ಮ ಇದನ್ನು ಗೋಡೆಗೆ ಹಾಕಲಿಲ್ಲ. ಎಸೆಯಲು ನನಗೂ ಆಗಲಿಲ್ಲ."

ಆ ವಿಮಾನಗಳಲ್ಲೇ ಒಂದು ಕ್ಯಾಮೆರಾ ಇರುತ್ತಿತ್ತಂತೆ. ಬಾಂಬಿನ ಜೊತೆಗೆ ಬೆಳಕಿನ ಸಿಡಿಮದ್ದೊಂದು ಬೀಳುತ್ತಿತ್ತು. ಅದು ಸಿಡಿದಾಗ ಕೆಳಗಿನ ಊರಿನ ಚಿತ್ರ ತಾನಾಗಿಯೇ ದಾಖಲಾಗುತ್ತಿತ್ತು. ಅದಕ್ಕಾಗಿ, ಸುತ್ತ ಗುಂಡು ಹಾರುತ್ತಿದ್ದರೂ ವಿಮಾನವನ್ನು ಸುಮಾರು ಅರ್ಧ ನಿಮಿಷ ನೆಟ್ಟಗೆ ನಡೆಸಬೇಕಿತ್ತು. ಹೇಳಿದ ಕಡೆ ಬಾಂಬು ಹಾಕಿದ್ದಾರೆಯೇ ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಆ ಸಾಕ್ಷಿ ಎಲ್ಲಿಗೆ ಒಯ್ದಿತು ನೋಡಿ. 1941ರ ಆಗಸ್ಟಿನಲ್ಲಿ ಇಂಥ ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ಪರೀಕ್ಷಿಸಿ ಬಟ್ ವರದಿ ಎಂಬುದನ್ನು ಸಿದ್ಧಪಡಿಸಿದರು. ಗುರಿ ಮುಟ್ಟಿದೆವು ಎಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿತ್ತು. ಕತ್ತಲಲ್ಲಿ ಕಾರ್ಖಾನೆಗೆ ಗುರಿಯಿಡುವುದು ಸಾಧ್ಯವಿಲ್ಲವೆಂದು ಗೊತ್ತಾಯಿತು. 1942ರ ಫೆಬ್ರವರಿಯಲ್ಲಿ ಬಂದ ಆದೇಶ, ಜರ್ಮನಿಯ ನಾಗರಿಕರ, ಅದರಲ್ಲೂ ಕಾರ್ಮಿಕರ ಸ್ಥೈರ್ಯ ಮುರಿಯುವುದೇ ಮುಖ್ಯ ಗುರಿ ಎಂದಿತು. ಎಂದರೆ ಊರಿಗೆ ಊರೇ ಗುರಿಯಾಯಿತು. 1943ರ ಜುಲೈ ಕೊನೆಯ ದಾಳಿಗಳಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲೇ 35,000ಕ್ಕೂ ಹೆಚ್ಚು ಜನ ಸತ್ತರು. ನೆಲಮಾಳಿಗೆಗಳಲ್ಲಿ ಅಡಗಿದ್ದ ಎಷ್ಟೋ ತಾಯಿ-ಮಕ್ಕಳು ಉಸಿರುಕಟ್ಟಿಯೇ ಹೋದರು.

ಆ ರಾತ್ರಿ ಮೊಮ್ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತ ಯೋಚಿಸಿದೆ. ಗೋಡೆಯ ಚಿತ್ರ ನೋಡಿ ನನ್ನ ಕರುಳು ಚುರ್ ಎಂದಿತಲ್ಲ, ಅದು ಸರಿಯೇ?

ಯುದ್ಧವೇ ಕೆಟ್ಟದ್ದು ಎಂದು ಹೇಳಿ ಸುಮ್ಮನಾಗುವುದು ಸುಲಭ. ಹಿಟ್ಲರನನ್ನು ತಡೆಯದೆ ಬಿಟ್ಟಿದ್ದರೆ ಇನ್ನೆಷ್ಟು ಜನ ಸಾಯುತ್ತಿದ್ದರೋ. ಮೊದಲು ಬ್ರಿಟನ್ನಿನ ಮೇಲೂ ಬಾಂಬು ಬಿದ್ದು 40,000ಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು. ಇದೆಲ್ಲ ನಿಜ. ಆದರೆ ಇದು ಎಷ್ಟು ನಿಜವೋ, ಹ್ಯಾಂಬರ್ಗಿನ ನೆಲಮಾಳಿಗೆಯ ಮಗುವೂ ಅಷ್ಟೇ ನಿಜ. ಒಂದನ್ನು ಹೇಳಿದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಮುದ್ದು ಅನ್ನಿಸುವುದು ತಪ್ಪಲ್ಲ. ಹೆಗ್ಗಣ ಯಾರ ಮನೆಯ ಕಾಳು ತಿಂದಿತೆಂದು ಕೇಳದೇ ಇರುವುದು ತಪ್ಪು. ಮುಖ ಕಂಡವರ ಮೇಲೆ ಮಮತೆ ತಾನಾಗಿಯೇ ಹುಟ್ಟುತ್ತದೆ. ಮುಖ ಕಾಣದವರನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಇಷ್ಟು ಯೋಚಿಸುವಾಗ ನನ್ನ ಮನೆಯದೇ ಒಂದು ಸಂಗತಿ ನೆನಪಾಗಿ ಕೂತಲ್ಲೇ ಬೆವತೆ. ಮಗ ಪಿಯುಸಿ ಓದುತ್ತಿದ್ದಾಗ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬಳಿಗೆ ಸ್ಕೂಟರ್ ಗುದ್ದಿಸಿದ್ದ. ಆಕೆಯ ಕಾಲು ಮುರಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆವು, ಮೇಲೆ ಒಂದಿಷ್ಟು ಹಣವನ್ನೂ ಕೊಟ್ಟೆವು. ಕೇಸಾಗದೆ ಮುಗಿಯಿತೆಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಎಷ್ಟು ಜನರ ಮುಂದೆ ಈ ಕಥೆ ಹೇಳಿದ್ದೇನೋ! "ಪಾಪ, ಮಗು ಮೂರು ದಿನ ಊಟ ಮಾಡಲಿಲ್ಲ, ಕೈ ನಡುಗುತ್ತಿತ್ತು" ಎಂದು. ನನ್ನ ಮನಸ್ಸಿನ ಗೋಡೆಯ ಮೇಲೆ ನೇತುಹಾಕಿದ್ದು ಮಗನ ಮುಖ. ಆ ಮುದುಕಿಯ ಹೆಸರೂ ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿದೆ. "ಆ ಸೊಪ್ಪಿನ ಅಜ್ಜಿ ಹೆಸರು ನೆನಪಿದೆಯೇನೋ?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಿಂಗಮ್ಮ ಅಂತ. ಆಮೇಲೆ ಕೋಲು ಹಿಡ್ಕೊಂಡೇ ನಡೀತಿದ್ರು. ನಾನು ಬೆಂಗಳೂರಿಗೆ ಬರೋವರೆಗೂ ಅವರ ಹತ್ರಾನೇ ಸೊಪ್ಪು ತರ್ತಿದ್ದೆ ಕಣಮ್ಮ. ನಿಂಗೆ ಹೇಳಿರಲಿಲ್ಲ" ಎಂದ.

ಅಷ್ಟು ವರ್ಷ ಆ ಸೊಪ್ಪಿನ ಹುಳಿ ಮಾಡಿ ಬಡಿಸಿದವಳು ನಾನೇ! ಗುದ್ದಿದವನು ಮರೆತಿರಲಿಲ್ಲ, ಅವನನ್ನು ಪ್ರೀತಿಸಿದವಳು ಮರೆತಿದ್ದೆ. "ನಿನ್ನ ತಪ್ಪಲ್ಲ, ಬಿಡೋ" ಎಂದು ಅವನ ಬಾಯಿ ಮುಚ್ಚಿಸಿದವಳೂ ನಾನೇ ಇರಬೇಕು. ಆ ಏಳು ಹುಡುಗರಲ್ಲಿ ಒಬ್ಬನಾದರೂ ಕೆಳಗಿನ ಬೆಂಕಿ ನೋಡಿ ಏನೋ ಹೇಳಲು ಹವಣಿಸಿದ್ದರೆ, ಮನೆಯವರು ಹೀಗೇ ಪ್ರೀತಿಯಿಂದ ಸುಮ್ಮನಾಗಿಸಿರಬಹುದಲ್ಲವೇ? ಎದುರುಮನೆಯ ಅಜ್ಜಿ ನನಗಿಂತ ಮೇಲು. ಗೋಡೆಗೆ ಹಾಕದಿದ್ದರೂ ಎರಡನೆಯ ಚಿತ್ರವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೆ.

ಊರಿಗೆ ಬಂದು ಒಂದು ವಾರಕ್ಕೆ ಮಾರುಕಟ್ಟೆಗೆ ಹೋದೆ. ನಿಂಗಮ್ಮನವರು ತೀರಿಕೊಂಡಿದ್ದರು, ಅದೇ ಜಾಗದಲ್ಲಿ ಸೊಸೆ ಕೂತಿದ್ದಳು. ಎರಡು ಕಟ್ಟು ಸಬ್ಬಸಿಗೆ ಸೊಪ್ಪು ಕೊಂಡು, "ನಿಮ್ಮತ್ತೆಯ ಫೋಟೋ ಏನಾದರೂ ಇದೆಯೇನಮ್ಮ?" ಎಂದೆ.

"ಆಧಾರ್ ಕಾರ್ಡಲ್ಲಿರೋದು ಒಂದೇ. ಅದೂ ಮಸುಕು. ಯಾಕಮ್ಮಾರೇ?" ಎಂದಳು.

ಏನು ಹೇಳಬೇಕೋ ತೋಚಲಿಲ್ಲ. ಚೀಲ ಕೆಳಗಿಟ್ಟು, ಅವಳು ಸರಿಸಿಕೊಟ್ಟ ಗೋಣಿತಾಟಿನ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದೆ.