ಗಾಳಕ್ಕೆ ಜೀವದ ಎರೆ

ಹೋದ ಮಳೆಗಾಲದಲ್ಲಿ ಆದಿತ್ಯವಾರದ ಪಾಠಶಾಲೆಯು ತೀರಿದ ಮೇಲೆ ಹನ್ನೆರಡು ವರುಷದ ಒಬ್ಬ ಹುಡುಗನು ನಮ್ಮ ಬಳಿಗೆ ಬಂದು, "ಅಯ್ಯನವರೇ, ಜೀವದ ಮೀನನ್ನು ಗಾಳಕ್ಕೆ ಸಿಕ್ಕಿಸುವದು ಪಾಪವೋ?" ಎಂದು ಕೇಳಿದನು. ಅವನ ನೆರೆಮನೆಯ ಜೈನ ಮುದುಕರು, "ನಿಮ್ಮ ಮತದಲ್ಲಿ ದಯೆಯ ಮಾತು ಬಹಳವಿದೆ, ಅದು ಮೀನಿನ ವರೆಗೆ ಬರುವದಿಲ್ಲವೋ?" ಎಂದು ನಕ್ಕರಂತೆ. ನಾವು ಆ ಕ್ಷಣದಲ್ಲಿ, ಮೀನು ತಿನ್ನುವದು ಪಾಪವಲ್ಲವೆಂದು ಹೇಳಿ ಅವನನ್ನು ಕಳುಹಿಸಿದೆವು. ಅವನು ಕೇಳಿದ್ದು ಅದನ್ನಲ್ಲವೆಂಬದು ಮನೆಗೆ ಹೋಗುವ ದಾರಿಯಲ್ಲಿ ನಮಗೆ ಹೊಳೆಯಿತು.

ಪ್ರಿಯ ವಾಚಕರೇ, ಈ ಕೆಲಸವು ನಿಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಮುಂಗಾರು ಹಿಡಿದು ಗದ್ದೆಗಳು ತುಂಬಿದಾಗ ಸಸಲು, ಗೆಂಡೆ ಮೊದಲಾದ ಬೆರಳುದ್ದದ ಮೀನುಗಳು ಹೊಸನೀರಿಗೆ ಎದುರಾಗಿ ಕಾಲುವೆಗಳಲ್ಲಿ ಹತ್ತುತ್ತವೆ. ಇಬ್ಬರು ಹುಡುಗರು ಹಳೇ ಪಂಚೆಯ ಮೂಲೆಗಳನ್ನು ಹಿಡಿದು ನೀರಿನಲ್ಲಿ ಎಳೆದರೆ ಒಂದು ಘಳಿಗೆಯಲ್ಲಿ ಬೇಕಾದಷ್ಟು ಸಿಕ್ಕುವವು. ಕೆಲವರು ಮಡಕೆಯೊಳಗೆ ತವುಡಿನ ಉಂಡೆಯನ್ನಿಟ್ಟು, ಬಾಯಿಗೆ ತೂತುಮಾಡಿದ ಬಟ್ಟೆಯನ್ನು ಕಟ್ಟಿ ನೀರಿನಲ್ಲಿ ಮುಳುಗಿಸುವರು; ಒಳಹೊಕ್ಕ ಮೀನು ಹೊರಗೆ ಬರುವ ದಾರಿಯನ್ನು ಕಾಣದು. ಬದುವಿನ ಬಾಯಿಗೆ ಬಿದಿರಿನ ಕೂಣಿಯನ್ನು ಒಡ್ಡುವವರೂ ಉಂಟು. ನೀರು ಬೆಚ್ಚಗಾದ ಹಾಗೆಲ್ಲಾ ಅದರಲ್ಲಿ ಉಸಿರಿಗೆ ಬೇಕಾದ ಗಾಳಿಯು ಕಡಿಮೆಯಾಗುವದರಿಂದ, ಬಲ್ಲವರು ಮಡಕೆಯನ್ನು ನೆರಳಿನಲ್ಲಿಟ್ಟು ನೀರನ್ನು ಆಗಾಗ್ಗೆ ಬದಲಿಸುವರು. ಬಳಿಕ ಕೊಕ್ಕೆಯನ್ನು ಬೆನ್ನಿನ ರೆಕ್ಕೆಯ ಬಳಿಯಲ್ಲಿ, ಎಲುಬಿಗೆ ತಾಕದ ಹಾಗೆ ತೂರಿಸುವರು. ಎಲುಬಿಗೆ ತಾಕಿದರೆ ಮೀನು ಬೇಗ ಸಾಯುವದು, ಸತ್ತದ್ದು ಒದ್ದಾಡದು, ಒದ್ದಾಡದ ಎರೆಗೆ ಕುಚ್ಚುಮೀನು ಬರುವದು ಅಪರೂಪ.

ಮೀನು ಹಿಡಿಯುವದನ್ನು ಸತ್ಯವೇದವು ಎಲ್ಲಿಯೂ ದೂಷಿಸುವದಿಲ್ಲ. ಕರ್ತನು ಬಲೆ ಬೀಸುವವರನ್ನೇ ತನ್ನ ಶಿಷ್ಯರಾಗುವದಕ್ಕೆ ಕರೆದನು. ಎದ್ದುಬಂದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಅವರಿಗೋಸ್ಕರ ಕೆಂಡದ ಮೇಲೆ ಮೀನನ್ನು ಸಿದ್ಧಮಾಡಿದನು. ದೇವಾಲಯದ ತೆರಿಗೆಗೋಸ್ಕರ ಪೇತ್ರನನ್ನು ಗಾಳ ಹಾಕುವದಕ್ಕೆ ಕಳುಹಿಸಿದ ಸಂಗತಿಯು ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಪೇತ್ರನು ಯಾವ ಎರೆಯನ್ನು ಕಟ್ಟಿದನೆಂದು ಮತ್ತಾಯನು ಬರೆಯಲಿಲ್ಲ. ಬರೆದಿದ್ದರೆ ನಮ್ಮ ಕಷ್ಟವು ಕಡಿಮೆಯಾಗುತ್ತಿತ್ತು.

ಹೀಗಿರಲಾಗಿ ಕೊಲ್ಲುವದರ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಬಲೆಗೆ ಬಿದ್ದ ಮೀನಿಗೂ ಸಂಕಟವುಂಟು. ಆದರೆ ಆ ಸಂಕಟದಿಂದ ಬೆಸ್ತನಿಗೆ ಏನೂ ಲಾಭವಿಲ್ಲ. ಮೀನು ಕೂಡಲೆ ಸತ್ತರೂ ಅವನ ಬುಟ್ಟಿಯು ಅಷ್ಟೇ ತುಂಬುವದು. ಜೀವದ ಎರೆಯ ವಿಷಯವು ಹಾಗಲ್ಲ. ಅಲ್ಲಿ ನಮಗೆ ಬೇಕಾದದ್ದು ಮೀನಿನ ಮಾಂಸವಲ್ಲ, ಅದರ ಒದ್ದಾಟವೇ. ಸಂಕಟವು ಎಷ್ಟು ಹೊತ್ತು ನಿಲ್ಲುವದೋ ಅಷ್ಟು ಹೊತ್ತು ಎರೆಯು ಒಳ್ಳೇದು. ನೆರಳೂ ಹೊಸ ನೀರೂ ಎಲುಬನ್ನು ತಪ್ಪಿಸುವ ಆ ಜಾಣತನವೂ ದಯೆಯ ಹಾಗೆ ಕಾಣುತ್ತವೆ. ಆದರೆ ಅವೆಲ್ಲವೂ ಸಂಕಟವನ್ನು ಉದ್ದಮಾಡುವದಕ್ಕೋಸ್ಕರವೇ. ಆ ಹುಡುಗನ ಮನಸ್ಸಿಗೆ ಚುಚ್ಚಿದ್ದು ಇದೇ ಎಂದು ನಾವು ಎಣಿಸುತ್ತೇವೆ.

ಮೀನಿಗೆ ತಣ್ಣನೆಯ ರಕ್ತ, ಅದಕ್ಕೆ ನೋವಿಲ್ಲವೆಂದು ನಮ್ಮ ಸಭೆಯ ಹಿರಿಯರೊಬ್ಬರು ಹೇಳುವರು. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಆದರೆ 2003ನೇ ಇಸವಿಯಲ್ಲಿ ಸ್ಕಾಟ್ಲೆಂಡಿನ ಶಾಸ್ತ್ರಜ್ಞರು ಟ್ರೌಟ್ ಎಂಬ ಮೀನಿನ ತಲೆಯಲ್ಲಿಯೂ ತುಟಿಗಳ ಸುತ್ತಲೂ ಗಾಯವನ್ನೂ ಉರಿಯನ್ನೂ ಗ್ರಹಿಸುವ ನರಗಳಿರುವದನ್ನು ತೋರಿಸಿಕೊಟ್ಟರು. ತುಟಿಗೆ ಹುಳಿದ್ರವವನ್ನು ಚುಚ್ಚಿದಾಗ ಆ ಮೀನುಗಳು ಮೇವನ್ನು ಬಿಟ್ಟು, ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿಕೊಂಡವಂತೆ. ಅವು ನಮ್ಮ ಹಾಗೆಯೇ ನೋಯುತ್ತವೋ ಎಂಬದರಲ್ಲಿ ಪಂಡಿತರಿಗೆ ಇನ್ನೂ ವಾದವಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳನ್ನು ಕಳುಹಿಸಿಕೊಟ್ಟ ಸ್ವಿಸ್ ದೇಶದಲ್ಲಿಯಾದರೋ, ಆ ವಾದವು ತೀರುವ ವರೆಗೆ ಕಾಯಲಿಲ್ಲ. ಜೀವದ ಮೀನನ್ನು ಎರೆಯಾಗಿ ಉಪಯೋಗಿಸಬಾರದೆಂದು, ಕೆಲವು ವಿನಾಯಿತಿಗಳ ಹೊರತು, 2008ರ ನಿಯಮದಲ್ಲಿ ವಿಧಿಸಿದ್ದಾರೆ.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆವು. ಕೊರಮೀನೆಂದೂ ಕರೆಯಲ್ಪಡುವ ಈ ಕುಚ್ಚುಮೀನು ತನ್ನ ಮರಿಗಳನ್ನು ಕಾಯುವ ಜಾತಿಯದು. ಮರಿಗಳು ಗುಂಪಾಗಿ ನೀರಿನ ಮೇಲಕ್ಕೆ ಬಂದು ಹೋಗುತ್ತಿರುವಾಗ ಹೆತ್ತವು ಕೆಳಗಿದ್ದು, ಹತ್ತಿರ ಬಂದದ್ದರ ಮೇಲೆ ಬೀಳುವವು. ಇದನ್ನು ಬಲ್ಲ ಗಾಳಗಾರನು ಮರಿಗಳ ನಡುವೆಯೇ ಜೀವದ ಸಸಲನ್ನು ಇಳಿಬಿಡುವನು. ತಾಯಿಯು ಹಸಿವಿನಿಂದಲ್ಲ, ಮರಿಗಳನ್ನು ಕಾಯುವದಕ್ಕೆ ಬಾಯಿಹಾಕಿ ಸಿಕ್ಕಿಬೀಳುವದು. ಮರಿಗಳು ಉಳಿದ ಮೀನುಗಳ ಪಾಲಾಗುವವು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಮರಿಗಳ ಮೇಲೆ ಕೂತಿರುವ ತಾಯಿಹಕ್ಕಿಯನ್ನು ಹಿಡಿಯದೆ ಬಿಟ್ಟುಬಿಡಬೇಕೆಂಬ ಆಜ್ಞೆಯಿದೆಯಷ್ಟೆ. ಅಲ್ಲಿ ಹೇಳಿರುವದು ಹಕ್ಕಿಯನ್ನು ಕುರಿತು, ಮೀನನ್ನು ಕುರಿತಲ್ಲವೆಂದು ಆ ಹಿರಿಯರು ವಾದಿಸಿದರು. ಹೌದು. ಆದರೂ ಮರಿಗಳ ಮೇಲಣ ಪ್ರೀತಿಯನ್ನೇ ಉರುಲಾಗಿ ಮಾಡಬಾರದೆಂಬ ಆ ಆಜ್ಞೆಯ ಭಾವವು ಕೆರೆಯ ದಡದಲ್ಲಿ ನಿಂತುಹೋಗುವದೆಂದು ನಮಗೆ ತೋರುವದಿಲ್ಲ.

ಎರೆಹುಳಕ್ಕೆ ಜೀವವಿಲ್ಲವೋ ಎಂದು ಕೇಳುವವರಿದ್ದಾರೆ. ಉಂಟು. ಅದಕ್ಕೆ ನಮ್ಮಲ್ಲಿ ಪೂರಾ ಉತ್ತರವಿಲ್ಲ. ಸತ್ತ ಮೀನಿನ ತುಂಡನ್ನಾಗಲಿ ಹಿಟ್ಟಿನ ಉಂಡೆಯನ್ನಾಗಲಿ ಕಟ್ಟಬಹುದು. ಆದರೆ ಸಿಕ್ಕುವದು ಕಡಿಮೆ. ಆ ಕಡಿಮೆಯನ್ನು ಯಾರು ಹೊರಬೇಕು? ಸಂಬಳವುಳ್ಳ ನಾವು ಇದನ್ನು ಹೇಳುವದು ಸುಲಭ. ನಮ್ಮ ಸಭೆಯ ಒಬ್ಬ ವಿಧವೆಯು ಮಳೆಗಾಲದಲ್ಲಿ ಕುಚ್ಚುಮೀನು ಮಾರಿ ಮೂರು ಮಕ್ಕಳನ್ನು ಸಾಕುತ್ತಾಳೆ. ಆಕೆಯ ಮುಂದೆ ಈ ಮಾತನ್ನೆತ್ತುವದಕ್ಕೆ ನಮಗೆ ಇದುವರೆಗೆ ಬಾಯಿ ಬರಲಿಲ್ಲ. ಹಬ್ಬಕ್ಕೂ ಆಟಕ್ಕೂ ಗಾಳ ಹಾಕುವವರ ಸಂಗತಿ ಬೇರೆ. ಅವರಲ್ಲಿ ನಾವೂ ಒಬ್ಬರಾಗಿದ್ದೆವು. ಸೆಮಿನರಿಗೆ ಹೋಗುವದಕ್ಕೆ ಮುಂಚೆ ಒಂದು ದಿನ ಮಡಕೆ ತುಂಬಾ ಸಸಲು ಹಿಡಿದು, ಎರಡನ್ನು ಮಾತ್ರ ಉಪಯೋಗಿಸಿ, ಉಳಿದವನ್ನು ಬಂಡೆಯ ಮೇಲೆ ಮರೆತು ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಹೋದಾಗ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಗ ನಾವು ಮೂಗು ಮುಚ್ಚಿಕೊಂಡು ಮಡಕೆಯನ್ನು ಬಗ್ಗಿಸಿ, ಅದರಲ್ಲಿಯೇ ಪುನಃ ಮೀನು ತುಂಬಿದೆವು. ಈಗ ನೆನಸುವಾಗ, ಸತ್ತವುಗಳಿಗಿಂತ ನಮ್ಮ ಆ ನಿಶ್ಚಿಂತೆಯೇ ಹೆಚ್ಚು ನಾಚಿಕೆಯನ್ನುಂಟುಮಾಡುತ್ತದೆ.

ಆ ಹುಡುಗನನ್ನು ಪುನಃ ಕರೆದು, ನಮ್ಮ ಮೊದಲನೆಯ ಉತ್ತರವು ಅವನ ಪ್ರಶ್ನೆಗೆ ತಕ್ಕದ್ದಲ್ಲವೆಂದು ಒಪ್ಪಿಕೊಂಡೆವು. ನಾವಾದರೆ ಜೀವದ ಮೀನನ್ನು ಕೊಕ್ಕೆಗೆ ಹಾಕೆವು, ಮರಿಗಳುಳ್ಳ ಮೀನಿನ ಹತ್ತಿರ ಗಾಳವನ್ನೇ ಒಯ್ಯೆವು ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಜ್ಜನಿಗೆ ಯಾರು ಹೇಳುವದು, ಅಯ್ಯನವರೇ?" ಅಂದನು. ಅವನ ಅಜ್ಜನೆಂದರೆ ಮೇಲೆ ಹೇಳಿದ ಹಿರಿಯರೇ. ನಾವೇ ಹೇಳುತ್ತೇವೆಂದು ಮಾತುಕೊಟ್ಟೆವು. ಹೇಳಿಯೂ ಹೇಳಿದೆವು, ವಾದವಾಯಿತು, ಅವರು ಒಪ್ಪಲಿಲ್ಲ. ಮುಂದಿನ ಶನಿವಾರ ಮೊಳದುದ್ದದ ಒಂದು ಕುಚ್ಚುಮೀನನ್ನು ಮೊಮ್ಮಗನ ಕೈಯಲ್ಲಿ ನಮ್ಮ ಮನೆಗೆ ಕಳುಹಿಸಿದರು. ಅದು ಯಾವ ಎರೆಗೆ ಬಿದ್ದದ್ದೆಂದು ಹುಡುಗನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.